ನಿಪ್ಪಾಣಿಗೆ ಅರ್ಧ, ಚಿಕ್ಕೋಡಿಗೆ ಅರ್ಧ

ಆ ಕಡೆ ಚಿಕ್ಕೋಡಿ ಬಸ್ಸಿನ ಕಿಟಕಿಯಲ್ಲಿ ಇವರ ಬಿಳಿ ಟೋಪಿ, ಈ ಕಡೆ ನಿಪ್ಪಾಣಿ ಬಸ್ಸಿನಲ್ಲಿ ನಾನು, ಗಂಡ ಹೆಂಡತಿ ಒಂದೇ ಕೆಲಸಕ್ಕೆ ಎರಡು ದಿಕ್ಕಿಗೆ ಹೊರಟಿದ್ದೇವೆ, ಕೈ ಬೀಸುತ್ತಾರೆ ನೋಡು, ಮದುವೆಯ ಹೊಸದರಲ್ಲೂ ಹೀಗೆ ಬೀಸಿದವರಲ್ಲ — ಜೇಬಿನ ಚೀಟಿ ಮಾತ್ರ ನನಗೆ ತೋರಿಸುವುದಿಲ್ಲ, ನನ್ನದನ್ನು ನಾನೂ ತೋರಿಸುವುದಿಲ್ಲ, ಅಯ್ಯೋ ಈ ಘಾಟು, ಪಕ್ಕದವಳ ಸೀರೆಯಿಂದ ತಂಬಾಕಿನ ಧೂಳು, ಸೀನು ಬಂತು, ನಮ್ಮೂರ ಹೆಂಗಸರೆಲ್ಲ ಇದನ್ನೇ ಸೋಸುವವರು, ಬಾಯಿಗೆ ಸೆರಗು ಕಟ್ಟಿಕೊಂಡು ಸೋಸುತ್ತಾರೆ, ಬಸಿರು ನಿಲ್ಲುವುದಿಲ್ಲ, ನರ್ಸಾಗಿ ಎಷ್ಟು ವರ್ಷ ಹೇಳಿದರೂ ಯಾರು ನಂಬಿದರು, ಮಿರಜಿನ ಡಾಕ್ಟರಬಾಯಿಯೇ ಅಂದದ್ದು, ಯಾರಿಗೆ ಎಷ್ಟು ಬಸಿರು ಹೋದವು, ಲೆಕ್ಕ ತಗೊಂಡು ಬಾ ಲಕ್ಷ್ಮಿಬಾಯಿ, ಬಸುರಿಯರಿಗೆ ಧೂಳಿನ ಕೆಲಸ ಬಿಡಿಸುವುದು ನನ್ನ ಪಾಲಿಗಿರಲಿ. ಹೆಸರು ಬೇಕೇ ಬೇಕಂತೆ, ಮುಂದಿನ ವರ್ಷ ಅವರನ್ನೇ ಮತ್ತೆ ಕೇಳಬೇಕಂತೆ, ಹತ್ತಾರು ಊರಿನ ಲೆಕ್ಕ, ಕಂಪ್ಯೂಟರಿಗೇ ಕೊಡಬೇಕು, ನಿಪ್ಪಾಣಿಯಲ್ಲಿ ಆ ಕಂಪ್ಯೂಟರಿನ ಮುಂದೆ ಕೂರುವವನು ಯಾರು, ನಮ್ಮೂರ ಭೀಮಸಿ, ತಂಬಾಕು ಸೋಸುವ ಮಲಕವ್ವನ ಮೈದುನ, ಒಳ್ಳೆಯವನೇ, ಆದರೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದು. ನೀರು ತುಂಬುವ ಬೋರಿಂಗಿನ ಹತ್ತಿರ ಮಲಕವ್ವ ನನ್ನ ಕೈ ಹಿಡಿದುಕೊಂಡು, ಬಾಯಿ, ಆ ಮಷೀನಿಗೆ ಬಾಯಿ ಐತೇನ್ರಿ, ಭೀಮಸಿಗೆ ತಿಳದ್ರ ನಮ್ಮತ್ತೀಗೆ ತಿಳೀತು, ಅತ್ತೀಗೆ ತಿಳದ್ರ ನನ್ನ ಗಂಡಗ ಬ್ಯಾರೆ ಹೆಣ್ಣ ನೋಡತಾರ — ಎಷ್ಟು ಸಲ ಹೋದದ್ದನ್ನು ಒಬ್ಬಳೇ ನುಂಗಿಕೊಂಡಿದ್ದಾಳೋ.

ಆ ಸಂಜೆ ಹುಣಸೆಹಣ್ಣು ಬಿಡಿಸುತ್ತ ಇವರಿಗೆ ಹೇಳಿದೆ, ಗಣಿತದ ಮಾಸ್ತರು, ಬೀಜಗಳನ್ನು ನೆಲದ ಮೇಲೆ ಅತ್ತಿತ್ತ ಸರಿಸಿದರು, ಆಮೇಲೆ ಮುಖ ಅರಳಿತು, ಹೆಣ್ಮಗಳು ಮೊದಲ ಒಂದ ಹಿಡಿ ಬೀಜ ತಗೀಲಿ, ಎಣಿಸಿ ನನಗಷ್ಟ ಹೇಳಲಿ, ಅದು ಚಿಕ್ಕೋಡಿ ಕಂಪ್ಯೂಟರಿಗೆ, ಆಮ್ಯಾಲ ಹೋದ ಕೂಸಿಗೊಂದು ಬೀಜ ಕೂಡಸಲಿ, ಒಟ್ಟ ಎಷ್ಟಾತಂತ ನಿನಗಷ್ಟ ಹೇಳಲಿ, ಅದು ನಿಪ್ಪಾಣಿಗೆ, ಕಡೀಕ ಎಲ್ಲಾರದೂ ಕೂಡಿಸಿ ನಿಪ್ಪಾಣಿ ಮೊತ್ತದಾಗ ಚಿಕ್ಕೋಡಿ ಮೊತ್ತ ಕಳದ್ರ ಊರ ಲೆಕ್ಕ ಸಿಗತೈತಿ, ಒಬ್ಬಾಕಿದೂ ಸಿಗಂಗಿಲ್ಲ. ನಮಗೂ? ಅಂದೆ. ನಮಗೂ, ನಾವಿಬ್ರೂ ಬಾಯಿ ಬಿಡದಿದ್ರ. ನಕ್ಕರು, ಅಂದಿನಿಂದ ರೊಟ್ಟಿ ಮುರಿಯುವಾಗಲೂ ಆ ಅಂಕಿಗಳ ಮಾತಿಲ್ಲ, ಇಷ್ಟು ವರ್ಷ ಒಟ್ಟಿಗೆ ಬಾಳಿ ಈಗ ಹೀಗೊಂದು ಮುಚ್ಚುಮರೆ, ಅದರಲ್ಲೂ ಏನೋ ಸುಖ.

ಹೋದ ವಾರ ಮಲಕವ್ವನದೂ ಸೇರಿ ಮೊದಲ ಚೀಟಿಗಳನ್ನು ಎರಡೂ ಕಡೆ ಕೊಟ್ಟು ಬಂದೆವು, ಮೊನ್ನೆ ಭಾನುವಾರ ಮಲಕವ್ವನ ಅತ್ತೆ ತುಳಸವ್ವನಿಗೆ ಗುಳಿಗೆ ಕೊಡಲು ಹೋಗಿದ್ದೆ, ಭೀಮಸಿ ಒಳಗೆ ಬಂದವನೇ ಅತ್ತಿಗೆಗೆ, ವೈನಿ, ಕಂಪ್ಯೂಟರಿನಾಗ ನಿನ್ನ ಹೆಸರಿನ ಮುಂದ ಇಪ್ಪತ್ಮೂರು ಐತಿ, ಏನಬೇ ಇಪ್ಪತ್ಮೂರು, ಕೋಳಿ ಏನು? ರೊಟ್ಟಿ ಬಡಿಯುತ್ತಿದ್ದ ಮಲಕವ್ವನ ಕೈ ನಿಂತಿತು — ಮರುಕ್ಷಣ ಅವಳು ನಕ್ಕಳು, ಹೌದೋ, ಕೋಳಿನ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಅವಳು ಹಾಗೆ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ತುಳಸವ್ವ ಸೊಸೆಯನ್ನೇ ನೋಡಿದಳು, ಆಮೇಲೆ ನನ್ನನ್ನು. ನಿನ್ನೆ ಮಧ್ಯಾಹ್ನ ತುಳಸವ್ವ ನಮ್ಮ ಬಾಗಿಲಿಗೇ ಬಂದಳು, ನಂದೂ ಲೆಕ್ಕ ಹಿಡೀರಿ ಬಾಯಿ, ನಾನೂ ಹರೇದಾಗ ತಂಬಾಕ ಸೋಸೇನಿ, ಭೀಮಸಿ ಓದಿದ್ದು ಕೇಳಿದ್ನಿ, ಅವಗೂ ಏನೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ, ಗುಟ್ಟು ಉಳೀತೈತಿ ಅಂತನ ಬಂದ್ನಿ, ಇನ್ನ ಮಲಕವ್ವನ್ನ ಸೋಸಾಕ ಕಳಸೂದಿಲ್ಲ, ಯಾಕಂತ ಕೇಳಬ್ಯಾಡ್ರಿ. ಕೇಳಲಿಲ್ಲ. ಹುಣಸೆಬೀಜದ ಚೀಲದಿಂದ ಒಂದು ಹಿಡಿ ತೆಗೆದಳು, ಗೋಡೆಗೆ ಮುಖ ಮಾಡಿ ಎಣಿಸಿದಳು, ಪಡಸಾಲೆಯಲ್ಲಿದ್ದ ಇವರ ಕಿವಿಯಲ್ಲಿ ಹೇಳಿ ಬಂದಳು, ಇನ್ನು ಹೋದ ಕೂಸಿಗೊಂದು ಬೀಜ, ನಾನು ಚೀಲದ ಬಾಯಿ ಹಿಡಿದು ಕೂತಿದ್ದೆ, ಸುಕ್ಕುಗಟ್ಟಿದ ಆ ಕೈ ಒಳಗೆ ಹೋಯಿತು, ಒಂದು ಬೀಜ, ಅದನ್ನು ಸೆರಗಿಗೆ ಒರೆಸಿದಳು, ಯಾಕೆ ಒರೆಸಿದಳೋ, ಮತ್ತೆ ಹೋಯಿತು, ಇನ್ನೊಂದು, ಒರೆಸಿದಳು, ನಾನು ಎಣಿಸಬಾರದು, ಮುಖ ತಿರುಗಿಸಿದೆ, ಆದರೂ ಚೀಲ ಅಲುಗಿದ್ದು ಬೆರಳಿಗೆ ತಿಳಿಯುತ್ತದೆ, ಮತ್ತೆ ಆ ಕೈ, ಸೆರಗು, ಮತ್ತೆ ಆ ಕೈ —