ಬಣ್ಣದ ಕೆಳಗಿನ ತೂತುಗಳು

ಮೆಟ್ಟಿಲಿನ ರೇಲಿಂಗ್ ಮುರಿದದ್ದು ಹಾಡಹಗಲು, ಮನೆಮಂದಿಯೆಲ್ಲ ಮನೆಯಲ್ಲೇ ಇದ್ದಾಗ. ಮಾವ ಮಹಡಿಯಿಂದ ಇಳಿಯುತ್ತಿದ್ದರು. ಮೊಣಕಾಲಲ್ಲಿ ಬಲವಿಲ್ಲದವರು, ಎಂದಿನಂತೆ ಎಡಗೈಯನ್ನು ರೇಲಿಂಗಿನ ಮೇಲೆ ಊರಿದರು. ಊರಿದ ಕೈಗೆ ಆಸರೆ ಸಿಗಲಿಲ್ಲ. ಕಂಬ ಬುಡದ ಬೆಸುಗೆಯಲ್ಲೇ ಕಿತ್ತುಕೊಂಡು ಹೊರಗೆ ವಾಲಿತು. ಅದರ ಹಿಂದೆ ಮಾವ.

ಆ ರೇಲಿಂಗ್ ಮಾಡಿದವನು ಅವರ ಮಗ. ಅದಕ್ಕೆ ಬಣ್ಣ ಬಳಿದವಳು ಅವರ ಸೊಸೆ. ಈ ಕಥೆ ಆ ಸೊಸೆಯದು.

ಮನೆಯ ಮುಂದಿನ ತಗಡಿನ ಶೆಡ್ಡೇ ಗಂಡ ಹೆಂಡತಿಯ ವರ್ಕ್‌ಶಾಪು. ಗಂಡ ಇಪ್ಪತ್ತು ವರ್ಷ ಕಡ್ಡಿ ವೆಲ್ಡಿಂಗ್ ಮಾಡಿದವನು. ಬೀದಿಯವರ ಬಾಯಲ್ಲಿ ‘ಕಿಡಿಯಣ್ಣ’. ಮುರಿದ ಮನಸ್ಸೊಂದು ಬಿಟ್ಟು ಉಳಿದದ್ದೆಲ್ಲ ಅಂಟಿಸುತ್ತಾನೆ, ಅಂಥ ಕೈಗುಣ ಎಂದು ಜನ ಹೇಳುತ್ತಿದ್ದರು. ಹೋದ ವರ್ಷ ಅವನು ಮಿಗ್ ಮೆಷಿನ್ ತಂದ. ಇದರಲ್ಲಿ ಕಡ್ಡಿ ಬದಲಿಸುವ ಗೋಜಿಲ್ಲ. ಗನ್ನಿನ ಬಟನ್ ಒತ್ತಿದರೆ ತಂತಿ ತಾನೇ ಬರುತ್ತದೆ, ಸಿಲಿಂಡರಿನ ಗ್ಯಾಸು ಬಂದು ಕರಗಿದ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಮೊದಲು ಬೆಸುಗೆ ಚೆನ್ನಾಗಿಯೇ ಬಂತು. ಬರಬರುತ್ತ ಅದರಲ್ಲಿ ಸೂಜಿಮೊನೆಯಂಥ ತೂತುಗಳು ಕಾಣಿಸಿಕೊಂಡವು. ಹೆಂಡತಿ ತೂತಿಗೆ ಪುಟ್ಟಿ ಮೆತ್ತಿದಳು, ಉಜ್ಜಿ ನುಣುಪು ಮಾಡಿದಳು, ಮೇಲೆ ಎರಡು ಸಲ ಬಣ್ಣ ಹೊಡೆದಳು. ನೋಡಿದವರು ಕಣ್ಣು ತುಂಬಿಕೊಂಡರು.

ಮಾವನ ಸೊಂಟದ ಮೂಳೆ ಮುರಿದಿತ್ತು. ಇನ್ನು ಎದ್ದು ಓಡಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಗಂಡ ಶೆಡ್ಡಿನ ಬಾಗಿಲು ಎಳೆದವನು ಮತ್ತೆ ತೆಗೆಯಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ, ತುತ್ತು ಎತ್ತುತ್ತಿರಲಿಲ್ಲ.

“ಕೈಗುಣ ಹೋಯ್ತು ಕಣೇ,” ಎಂದ ಒಂದು ದಿನ. “ದೇವರೇ ಕಿತ್ಕೊಂಡ. ಮೆಷಿನ್ ಮಾರಿಬಿಡ್ತೀನಿ.”

ಅವಳ ಹೊಟ್ಟೆಯೊಳಗೆ ಒಂದು ಮಾತು ಕೆಂಡದ ಹಾಗೆ ಕೂತಿತ್ತು, ಅದನ್ನು ನುಂಗಲೂ ಆಗದು, ಉಗುಳಲೂ ಆಗದು.

ಎಂಟನೆಯ ದಿನ ಗಂಡನ ಅಕ್ಕ ಬಂದಳು. ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸ ಅವಳದು. ತಂದೆಯ ಕಾಲ ಬಳಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು, ಮುರಿದ ಕಂಬವನ್ನು ಬೆಳಕಿಗೆ ಹಿಡಿದು ಅದರ ಬುಡ ನೋಡಿದಳು. ಬೆಸುಗೆಯ ಒಳಗೆಲ್ಲ ಗೆದ್ದಲು ತಿಂದ ಮರದ ಹಾಗೆ ತೂತು.

“ಗನ್ನು ತಗೊಂಡು ಬಾರೋ,” ಎಂದಳು ತಮ್ಮನಿಗೆ.

“ಬಿಡಕ್ಕ. ನನ್ನ ಕೈಗುಣಾನೇ ಹೋಗಿದೆ.”

“ನಿನ್ನ ಕೈ ಎಲ್ಲಿಗೂ ಹೋಗಿಲ್ಲ, ಮೊಣಕೈ ಕೆಳಗೇ ಇದೆ. ಕಡೇ ಸಲ ನಾಜಲ್ ಬಿಚ್ಚಿದ್ದು ಯಾವಾಗ?”

“ಅದನ್ನ ಬಿಚ್ಚೋದೂ ಉಂಟಾ ಅತ್ತಿಗೆ?” ಎಂದು ಅವನ ಬದಲು ಹೆಂಡತಿ ಕೇಳಿದಳು.

“ಹಲ್ಲುಜ್ಜೋದೂ ಉಂಟಾ ಅಂತ ಕೇಳಿದ ಹಾಗಾಯ್ತು.”

ಶೆಡ್ಡಿನ ಬಾಗಿಲು ತೆರೆಯಿತು. ಅತ್ತಿಗೆ ಮೊದಲು ಮೆಷಿನ್ ಸ್ವಿಚ್ ಆರಿಸಿದಳು, ಆಮೇಲೆ ಗನ್ನಿನ ಮೂತಿಯ ನಾಜಲ್ ತಿರುಗಿಸಿ ತೆಗೆದಳು. ಒಳಗೆ ಸಿಡಿದ ಕಿಡಿ ಗಟ್ಟಿಯಾಗಿ ಪದರಪದರ ಕಟ್ಟಿತ್ತು. ಗ್ಯಾಸು ಬರುವ ಬಾಯಿ ಅರ್ಧ ಮುಚ್ಚಿಹೋಗಿತ್ತು.

“ಗಂಟಲು ಕಟ್ಟಿರೋನಿಗೆ ಹಾಡು ಅಂದ್ರೆ ಹೇಗೆ ಹಾಡ್ತಾನೆ,” ಎಂದಳು. ತಂತಿ ಹೊರಬರುವ ತಾಮ್ರದ ಟಿಪ್ಪನ್ನು ಬಿಚ್ಚಿ ನೋಡಿದಳು. “ತಂತಿ ಪಾಯಿಂಟ್ ಎಂಟು ಎಂಎಂ ದಪ್ಪ, ಟಿಪ್ಪು ಒಂದು ಎಂಎಂ ತಂತಿಗೆ ಮಾಡಿದ್ದು. ಅದೂ ಸವೆದು ತೂತು ಮೊಟ್ಟೆ ಆಕಾರಕ್ಕೆ ಬಂದಿದೆ. ಮಗು ಅಪ್ಪನ ಚಪ್ಪಲಿ ಹಾಕ್ಕೊಂಡು ನಡೆದ ಹಾಗೆ ತಂತಿ ಒಳಗೆ...” ಅಪ್ಪ ಎಂಬ ಮಾತು ಬಂದೊಡನೆ ಅವಳ ದನಿ ನಿಂತಿತು. ಸೆರಗಿನಿಂದ ಟಿಪ್ಪು ಒರೆಸಿ ಪಕ್ಕಕ್ಕಿಟ್ಟಳು.

“ಗ್ಯಾಸು ಇಪ್ಪತ್ತೆಂಟಕ್ಕೆ ಯಾಕಿಟ್ಟಿದೀಯ?”

“ತೂತು ಬಂದ ಹಾಗೆಲ್ಲ ಜಾಸ್ತಿ ಮಾಡ್ಕೊಂಡು ಬಂದೆ.”

“ಅತಿ ಜೋರಾದ್ರೆ ಗ್ಯಾಸು ಸುಳಿ ಸುತ್ತಿ ಹೊರಗಿನ ಗಾಳೀನೇ ಒಳಗೆ ಎಳ್ಕೊಳ್ಳುತ್ತೆ. ಶೆಡ್ಡಿನ ಒಳಗೆ ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಲೀಟರ್ ಸಾಕು.” ಹೀಗೆನ್ನುತ್ತ ಸುತ್ತ ನೋಡಿದವಳ ಕಣ್ಣು ಸ್ಟೂಲಿನ ಮೇಲಿದ್ದ ಟೇಬಲ್ ಫ್ಯಾನಿನ ಮೇಲೆ ನಿಂತಿತು. ಅದರ ಮುಖ ನೇರ ಬೆಸುಗೆ ಮೇಜಿನ ಕಡೆಗಿತ್ತು. “ಇದನ್ನ ಇಲ್ಲಿ ಇಟ್ಟಿದ್ದು ಯಾರು?”

“ನಾನೇ ಅತ್ತಿಗೆ. ತಗಡು ಕಾದು ಇವರು ಬೆವರಲ್ಲಿ ತೊಯ್ದುಹೋಗ್ತಿದ್ರು.”

ಅತ್ತಿಗೆ ಫ್ಯಾನಿನ ಮುಖವನ್ನು ಗೋಡೆ ಕಡೆ ತಿರುಗಿಸಿದಳು. “ಗಾಳಿಗೆ ದೀಪ ಆರದ ಹಾಗೆ ಕೈ ಅಡ್ಡ ಹಿಡೀತೀವಲ್ಲ, ಈ ಗ್ಯಾಸು ಅನ್ನೋದು ಆ ಕೈ. ಫ್ಯಾನು ಅದನ್ನ ಸರಿಸಿಬಿಡುತ್ತೆ. ಕಡ್ಡಿಯಾದ್ರೆ ಅದರ ಮೇಲೆ ಬಳಿದಿರೋ ಮದ್ದು ಕರಗಿ ಬೆಸುಗೆಗೆ ಹೊದಿಕೆ ಆಗುತ್ತೆ, ಇಷ್ಟು ಗಾಳಿ ತಡ್ಕೊಳ್ಳುತ್ತೆ. ಇದಕ್ಕೆ ಗ್ಯಾಸು ಬಿಟ್ರೆ ಬೇರೆ ಗತಿ ಇಲ್ಲ.”

ಸೊಸೆ ನೆಲಕ್ಕೆ ಕುಸಿದು ಕೂತಳು. ಎಂಟು ದಿನದಿಂದ ಸುಡುತ್ತಿದ್ದ ಕೆಂಡ ಆಗ ಹೊರಗೆ ಬಂತು.

“ತೂತು ನಾನು ನೋಡಿದ್ದೆ ಅತ್ತಿಗೆ. ದಿನಾ ನೋಡ್ತಿದ್ದೆ. ನೋಡಿಯೇ ಪುಟ್ಟಿ ಮೆತ್ತಿದೆ. ಒಂದೊಂದು ಸಲ ಹಾಡು ಗುನುಗ್ತಾ ಮೆತ್ತಿದೀನಿ.”

ಗಂಡ ಗೋಡೆ ಕಡೆ ತಿರುಗಿ ನಿಂತ. ಅತ್ತಿಗೆ ಸಮಾಧಾನದ ಮಾತು ಆಡಲಿಲ್ಲ. “ಅಳೋದಿದ್ರೆ ಅತ್ತುಬಿಡು. ಆಮೇಲೆ ಬಾ, ಕೆಲಸ ಇದೆ.”

ಮೂವರೂ ಸೇರಿ ನಾಜಲ್ಲನ್ನು ಕೆರೆದು ಚೊಕ್ಕ ಮಾಡಿದರು. ತಂತಿಯ ಅಳತೆಗೆ ಸರಿಯಾದ ಹೊಸ ಟಿಪ್ಪು ಹಾಕಿದರು. ತಂತಿ ಹೊರಗೆಳೆದು ಕೇಬಲ್ಲಿನ ಒಳಕೊಳವೆಗೆ ಗಾಳಿ ಊದಿದಾಗ ಕರೀ ಧೂಳು ಹಾರಿತು. ತಂತಿ ತಳ್ಳುವ ರೋಲರನ್ನು ಅತಿ ಬಿಗಿಯೂ ಅಲ್ಲ, ಸಡಿಲವೂ ಅಲ್ಲ ಎನ್ನುವಷ್ಟಕ್ಕೆ ತಿರುಗಿಸಿದರು. ಸುರುಳಿ ಬಿದ್ದಿದ್ದ ಕೇಬಲ್ ನೇರವಾಯಿತು, ಗ್ಯಾಸು ಹದಿನೈದಕ್ಕೆ ಇಳಿಯಿತು. ಹೊಗೆ ಹೋಗಲೆಂದು ಫ್ಯಾನನ್ನು ದೂರದ ಬಾಗಿಲಿಗೆ, ಹೊರಮುಖ ಮಾಡಿ ಇಟ್ಟರು. ಎರಡು ಕಬ್ಬಿಣದ ತುಂಡುಗಳ ತುಕ್ಕು ಉಜ್ಜಿದ ಮೇಲೆ ಗಂಡ ಮುಖಕವಚ ಇಳಿಸಿ ಗನ್ನು ಹಿಡಿದ.

“ದೂರ ಹಿಡಿದೆ. ಟಿಪ್ಪಿಗೂ ಕಬ್ಬಿಣಕ್ಕೂ ಕಿರುಬೆರಳ ಅಗಲ ಇದ್ರೆ ಸಾಕು,” ಎಂದಳು ಅತ್ತಿಗೆ.

ಅದುವರೆಗೆ ಪಟಪಟ ಸಿಡಿಯುತ್ತಿದ್ದ ಗನ್ನು ಹೊಸ ಬಟ್ಟೆ ಹರಿದ ಹಾಗೆ ಒಂದೇ ಸಮ ಸದ್ದು ಮಾಡಿತು. ಬೆಸೆದ ತುಂಡನ್ನು ವೈಸಿನ ದವಡೆಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದರು. ಕಬ್ಬಿಣ ಬಾಗಿತು, ಬೆಸುಗೆ ಬಿಡಲಿಲ್ಲ. ಕೊನೆಗೆ ಕತ್ತರಿಸಿ ನೋಡಿದರೆ ಒಳಗೆ ಒಂದು ತೂತೂ ಇರಲಿಲ್ಲ.

“ಇಷ್ಟೇನಾ?” ಎಂದ ಗಂಡ.

“ಇಷ್ಟೇ.”

“ಇಷ್ಟಕ್ಕಾ ಅಪ್ಪ ಮಲಗಿದ್ದು?”

ಹಣೆಬರಹ ಎಂದುಕೊಂಡಿದ್ದಾಗ ಹೇಗೋ ಹೊತ್ತಿದ್ದ. ಒಂದು ಟಿಪ್ಪು, ಒಂದು ಫ್ಯಾನು ಎಂದು ತಿಳಿದ ಮೇಲೆ ಹೊರಲಾರದೆ ಹೋದ. ದೇವರು ಕೈಯನ್ನೇನೋ ಕೊಟ್ಟಿದ್ದಾನೆ. ನಾಜಲ್ ಉಜ್ಜುವ ಕೆಲಸವನ್ನು ನಮಗೇ ಬಿಟ್ಟಿದ್ದಾನೆ.

ಒಳಗಿನಿಂದ ಮಾವ ಕೂಗಿದರು. ಮೂವರೂ ಹೋಗಿ ಮಂಚದ ಬಳಿ ನಿಂತರು.

“ಸದ್ದು ಬೇರೆ ಥರ ಬಂತು. ಸರಿಹೋಯ್ತಾ?”

“ಹೂಂ ಅಪ್ಪ.”

“ಮುಂಚಿನ ಥರದ್ದು ಎಷ್ಟು ಮನೆಗೆ ಹಾಕಿದೀಯ?”

ಅವನಿಗೆ ನೆನಪಾಗಲಿಲ್ಲ. ಬಣ್ಣ ಹೊಡೆದವಳಿಗೆ ಎಲ್ಲ ನೆನಪಿತ್ತು. ಹಸಿರಿನವು ಐದು, ಕಂದು ಆರು, ಬಿಳಿ ಎರಡು, ನೀಲಿ ಒಂದು. “ಹದಿನಾಲ್ಕು, ಮಾವ.”

ಮಾವ ಸೂರು ನೋಡುತ್ತ ಮಲಗಿದ್ದರು. “ಮತ್ತೆ ನನ್ನ ಮುಂದೆ ಯಾಕೆ ನಿಂತಿದೀರಿ?” ಎಂದರು.

ಮರುದಿನದಿಂದ ಗಂಡ ಹೆಂಡತಿ ಮನೆಮನೆ ಹತ್ತಿದರು. “ಫಳಫಳ ಅಂತಿದೆಯಲ್ಲ ಕಿಡಿಯಣ್ಣ, ಏನಾಗಿದೆ ಇದಕ್ಕೆ?” ಎಂದು ಮೊದಲ ಮನೆಯಾಕೆ ನಕ್ಕಳು. ಇವಳು ತಾನೇ ಮೆತ್ತಿದ್ದ ಪುಟ್ಟಿಯನ್ನು ತಾನೇ ಕೆರೆದು ತೆಗೆದಳು. ಗಂಡ ಎರಡು ಏಟು ಹಾಕಿದ. ಕಂಬ ಕೈಗೇ ಬಂತು. ಮನೆಯಾಕೆಯ ನಗು ಆರಿಹೋಯಿತು. ಮೆಟ್ಟಿಲ ಮೇಲೆ ಆಡುತ್ತಿದ್ದ ಮಗಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಆಮೇಲಿನ ಮನೆಗಳಲ್ಲಿ ಬಾಯಿಗೆ ಬಂದಂತೆ ಬೈದರು. ಇಬ್ಬರೂ ತಲೆ ತಗ್ಗಿಸಿ ಬೈಸಿಕೊಂಡು, ಹಳೆಯ ಬೆಸುಗೆ ತೆಗೆದು ಹೊಸದು ಹಾಕಿ ಬಂದರು.

ಹದಿಮೂರು ಮನೆ ಮುಗಿಯಿತು. ನೀಲಿ ರೇಲಿಂಗಿನ ಮನೆಗೆ ಬೀಗ ಬಿದ್ದಿತ್ತು. ಮನೆಯವರು ಊರು ಬಿಟ್ಟಿದ್ದರು, ಎಲ್ಲಿಗೆ ಎಂದು ಅಕ್ಕಪಕ್ಕದವರಿಗೂ ತಿಳಿಯದು. ಗೇಟಿನ ಸಂದಿಯಲ್ಲಿ ಇಣುಕಿದರೆ ಮೆಟ್ಟಿಲು ಕಾಣುತ್ತದೆ, ನೀಲಿ ಬಣ್ಣ ಇನ್ನೂ ಮಿರಮಿರ ಮಿಂಚುತ್ತದೆ.

ಮಾವ ಮತ್ತೆ ಏಳಲಿಲ್ಲ. ತೀರಿಹೋಗುವ ಹಿಂದಿನ ದಿನವೂ ಸೊಸೆಯನ್ನು ಕರೆದು, “ಆ ಬೀಗ ತೆಗೆದ್ರೇನಮ್ಮ?” ಎಂದು ಕೇಳಿದರು. ಇಲ್ಲ ಮಾವ ಎಂದು ಹೇಳಿ ಅವಳು ಅವರ ಹೊದಿಕೆ ಸರಿಮಾಡಿದಳು.

ಆ ಗೇಟಿಗೆ ಅವಳೊಂದು ಹಲಗೆ ಕಟ್ಟಿದ್ದಾಳೆ: ರೇಲಿಂಗ್ ಹಿಡಿಯಬೇಡಿ. ಬಿಸಿಲು ಮಳೆಗೆ ಅಕ್ಷರ ಮಾಸಿದಾಗೆಲ್ಲ ಹೋಗಿ ಮತ್ತೆ ಬರೆದು ಬರುತ್ತಾಳೆ.

ಗನ್ನು ಹಿಡಿಯುವ ಅಣ್ಣತಮ್ಮಂದಿರೇ, ಬಣ್ಣ ಬಳಿಯುವ ಅಕ್ಕತಂಗಿಯರೇ, ನಾಳೆ ಕೆಲಸ ಶುರು ಮಾಡುವ ಮೊದಲು ಸ್ವಿಚ್ ಆರಿಸಿ ನಾಜಲ್ ಬಿಚ್ಚಿ ನೋಡಿ. ಟಿಪ್ಪು ತಂತಿಯ ಅಳತೆಯದೇ, ಸವೆದಿಲ್ಲವೇ ನೋಡಿ. ಗ್ಯಾಸು ಹದವಾಗಿರಲಿ, ಫ್ಯಾನಿನ ಗಾಳಿ ಬೆಸುಗೆಗೆ ತಾಗದಿರಲಿ. ಒಂದು ತುಂಡು ಬೆಸೆದು, ಬಡಿದು, ಕತ್ತರಿಸಿ ಒಳಗೆ ನೋಡಿ. ತೂತು ಕಂಡರೆ ಪುಟ್ಟಿ ಡಬ್ಬಿಗೆ ಕೈ ಹಾಕಬೇಡಿ. ಬೆಸುಗೆಯನ್ನೇ ತೆಗೆದು ಮತ್ತೆ ಹಾಕಿ. ನೀವು ಬೆಸೆದದ್ದನ್ನು ನಂಬಿ ಯಾರೋ ಮೆಟ್ಟಿಲಿಳಿಯುತ್ತಿದ್ದಾರೆ.