ತೆರೆದ ಬಟ್ಟಲಿನ ಅಂಟು

ಲಾರಿ ಡ್ರೈವರ್ ಒದ್ದ ರಭಸಕ್ಕೆ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ಗೋಡೆಗೆ ಬಡಿಯಿತು. ಅವನ ಎಡಗೆನ್ನೆ ಊದಿ ಕಣ್ಣೇ ಮುಚ್ಚಿಹೋಗಿತ್ತು. ಉಪಕರಣಗಳ ಟ್ರೇ ನೆಲಕ್ಕೆ ಹಾರಿತು, ತಡೆಯಲು ಹೋದ ನರ್ಸಮ್ಮನೂ ಅದರ ಜೊತೆಗೇ ಬಿದ್ದಳು. ತನ್ನ ಹಲ್ಲು ತುಂಬಿದವನು ಯಾರೆಂದು ಅವನು ಅಬ್ಬರಿಸಿದ.

ಕ್ಲಿನಿಕ್ಕು ನಡೆಸುವ ಅಣ್ಣತಮ್ಮಂದಿರಲ್ಲಿ ತುಂಬಿದವನು ತಮ್ಮ. ಆದರೆ ಕೆಡಿಸಿದವನು ತಾನೇ ಎಂಬುದು, ಆ ಕೆನ್ನೆ ಕಂಡೊಡನೆ ದೊಡ್ಡ ಡಾಕ್ಟರಾದ ಅಣ್ಣನಿಗೆ ಗೊತ್ತಾಗಿಹೋಯಿತು. ಹಲ್ಲಿನ ಬಣ್ಣದ ಫಿಲ್ಲಿಂಗ್ ನಿಲ್ಲುವುದೇ ಅದರಡಿಯ ಅಂಟಿನ ಮೇಲೆ. ಅದನ್ನು ಹಚ್ಚುವ ಗಳಿಗೆಯಲ್ಲೇ ಸುರಿದುಕೊಳ್ಳಬೇಕು. ಈ ಪುಣ್ಯಾತ್ಮನೋ, ಕೆಲಸ ಬೇಗ ಸಾಗಲೆಂದು, ಇಡೀ ದಿನದ ರೋಗಿಗಳಿಗೆಲ್ಲ ಬೆಳಗ್ಗೆಯೇ ಒಂದು ಬಟ್ಟಲಿಗೆ ಸುರಿದು ತೆರೆದಿಡುತ್ತಿದ್ದ. ಹೀಗಿಟ್ಟರೆ ಅಂಟು ಆರಿ ಮಂದವಾಗುತ್ತದೆ, ಹಲ್ಲಿನೊಳಕ್ಕೆ ಇಳಿಯುವುದಿಲ್ಲ, ಸಂದಿಯಲ್ಲಿ ಎಂಜಲು ನುಗ್ಗಿ ಒಳಗೊಳಗೇ ಕೊಳೆಯುತ್ತದೆ ಎಂದು ತಮ್ಮ ಬಡಕೊಂಡಿದ್ದೇ ಬಂತು. ಅಣ್ಣನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ತುಂಬಿದ್ದು ನಾನೇ ಎಂದು ತಮ್ಮ ಮುಂದೆ ಬಂದ. ಡ್ರೈವರ್ ಅವನ ಕೊರಳಪಟ್ಟಿ ಹಿಡಿದೆಳೆದು, ಮೂಗಿಗೆ ಗುದ್ದಿ, ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಅದುಮಿ ಹಿಡಿದ. ಆ ಕೈ ಹೋದರೆ ಹಲ್ಲಿನ ಡಾಕ್ಟರಿಗೆ ಉಳಿಯುವುದೇನು, ಮಣ್ಣು! ಅಣ್ಣ ನಿಜ ಹೇಳಿದ್ದರೆ ಸಾಕಿತ್ತು. ಹೆದರಿಕೆಗೆ ಅವನ ನಾಲಿಗೆ ಬೇರೆ ಕಡೆಗೆ ಹೊರಳಿತು.

"ಬಿಟ್ಬಿಡಿ, ಅವನಿಗಿನ್ನೂ ಕೆಲಸಕ್ಕೆ ಕೈ ಕೂತಿಲ್ಲ."

ಬಿಡಿಸಲು ಆಡಿದ ಮಾತೇ ತಮ್ಮನಿಗೆ ಶಿಕ್ಷೆಯಾಯಿತು. ಡ್ರೈವರ್ ಬಾಗಿಲನ್ನು ದಢಾರನೆ ಬಡಿದ. ಬೆರಳುಗಳು ಲಟಲಟನೆ ಮುರಿದವು. ತಮ್ಮ ಕಿರುಚಿಕೊಂಡು ಕುಸಿದ. ಅಣ್ಣನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಡ್ರೈವರ್ ಏದುಸಿರು ಬಿಡುತ್ತ ರೋಗಿಗಳ ಕುರ್ಚಿಗೆ ಒರಗಿ, ಈಗ ದೊಡ್ಡೋನು ನೀನೇ ಸರಿಮಾಡು ಎಂದು ಅಣ್ಣನಿಗೆ ಹೇಳಿ ಬಾಯಿ ತೆರೆದ.

ನೆಲದಿಂದ ತಮ್ಮನ ದನಿ ಬಂತು. "ಮೊದ್ಲು ಕೀವು ತೆಗಿ. ತುಂಬೋವಾಗ ಆ ಬಟ್ಟಲಿಂದು ಹಚ್ಬೇಡಣ್ಣ. ಹೊಸದಾಗಿ ಸುರ್ಕೋ."

ಹಲ್ಲಿನ ಚಿಂತೆಯಲ್ಲಿ ಬಾಯಿ ಜಾರಿತ್ತು, ಪಾಪ. ಡ್ರೈವರ್ ಎದ್ದು ಕೂತು, ಬಟ್ಟಲು ಯಾರದೆಂದು ಕೇಳಿದ. ತಮ್ಮ ಮುಖ ತಿರುಗಿಸಿಕೊಂಡ.

"ನಂದು," ಎಂದ ಅಣ್ಣ. "ನಿನ್ನ ಹಲ್ಲು ಕೆಡಿಸಿದ್ದು ನಾನು."

ಡ್ರೈವರ್ ಹೋಗಿ ಮತ್ತೆ ಬಾಗಿಲು ತೆರೆದು ಹಿಡಿದ. ಅಣ್ಣ ತಾನಾಗಿಯೇ ನಡೆದು ಬಲಗೈಯನ್ನು ಚೌಕಟ್ಟಿನ ಮೇಲಿಟ್ಟ.

"ಎಡಗೈ ಇಡಣ್ಣ," ತಮ್ಮ ಬಿಕ್ಕಿದ. "ಇಬ್ಬರಿಗೂ ಸೇರಿ ಒಂದು ಬಲಗೈನಾದ್ರೂ ಉಳೀಲಿ."

ಅಣ್ಣ ಕೈ ಬದಲಿಸಲಿಲ್ಲ.