ಹೊಡಿ ಎನ್ನುವ ಊರು

ಈರುಳ್ಳಿ ಹುರಿಯುವ ವಾಸನೆ, ಐಸ್ ಹಾಕಿ ಫೈನಲ್ಲಿನ ಕೊನೆಯ ಎರಡು ನಿಮಿಷದಲ್ಲೂ ಯಾರಿಗೋ ಪೆರೋಗಿ ಕಡುಬು ಬೇಕಾಗಿದೆ, ತಿನ್ನಲಿ, ತಿಂದು ಗಂಟಲಿಗೆ ಬಲ ಬರಲಿ, ಹೇಗೂ ಈ ಊರಿನ ಗಂಟಲಿಗೆ ಗೊತ್ತಿರುವುದು ಒಂದೇ ಮಾತು — ಹೊಡಿ, ಹೊಡಿಯೋ. ಟೈಮ್‌ಔಟ್ ಮುಗಿಯುತ್ತ ಬಂತು, ಎದುರಾಳಿಗಳಲ್ಲೊಬ್ಬ ತಪ್ಪಾಟಕ್ಕೆ ಹೊರಬಿದ್ದು ಪೆನಾಲ್ಟಿ ಬಾಕ್ಸಿನಲ್ಲಿ ಕೂತು ನೀರು ಕುಡಿಯುತ್ತಿದ್ದಾನೆ, ಅವರು ನಾಲ್ವರು, ನಾವು ಐವರು, ಒಂದು ಗೋಲು ಹಿಂದೆ, ಇದು ಹೋದರೆ ಕಪ್ಪೂ ಹೋಯಿತು, ಲಾಯ್ಡ್ ಪ್ರೊಕೊಪ್‌ನ ಕೋಚುಗಿರಿಯೂ ಹೋಯಿತು. ಬೆಂಚಿನ ಹಿಂದೆ ನಿಂತ ಅವನ ಮುಂದೆ ಎರಡು ಬೆನ್ನು, ಯಾರ ಭುಜ ತಟ್ಟುತ್ತಾನೋ ಅವನು ಐಸಿಗೆ ಇಳಿದು ಎದುರಾಳಿ ಕಡೆಯ ನೀಲಿ ಗೆರೆಯ ಮೇಲೆ ನಿಲ್ಲಬೇಕು, ಉಳಿದ ನಾಲ್ವರನ್ನು ಅಲ್ಲಿಂದಲೇ ಆಡಿಸಬೇಕು. ಎಡಗಡೆ ಮಗ ಡೇರಿಲ್, ಬಲಗಡೆ ಎಮಿಲ್ ಬೂಷೆ, ಶಾಲೆ ಬಸ್ಸಿನ ಡ್ರೈವರ್, ಮಂಡಿಗೆ ಪಟ್ಟಿ ಸುತ್ತಿಕೊಂಡ ಮುದಿಗೂಬೆ. ಅಪ್ಪಾ, ನಾನು ಇಳೀತೀನಿ — ಕೇಳುವುದಿಲ್ಲ ಇವನು, ಹೇಳುತ್ತಾನೆ, ಅಮ್ಮನ ಮಗ. ಹೊಡೆತವಿದೆ, ಇಲ್ಲವೆಂದವರಾರು, ಅಂಕಣದ ಸುತ್ತಲಿನ ಹಲಗೆಗೆ ಬಡಿದರೆ ತಗಡಿನ ಮಾಡೆಲ್ಲ ನಡುಗುತ್ತದೆ, ಆ ಸದ್ದಿಗೇ ಊರಿಗೆ ಹುಚ್ಚು, ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಏನ್ ಹೊಡಿತಾನೋ ಲಾಯ್ಡೂ ನಿನ್ ಮಗ! ಗೋಲಾಯ್ತಾ ಎಂದು ಒಬ್ಬ ಬಡ್ಡಿಮಗನಾದರೂ ಕೇಳಿದ್ದಾನೆಯೇ, ಬರೀ ಸದ್ದು ಸಾಕಿದ್ದರೆ ಒಂದು ಡೋಲು ತಂದು ಇಡಬಹುದಿತ್ತಲ್ಲ. ಆಗಲೇ ನೋಡಿದರಲ್ಲ, ಡೇರಿಲ್ ಕೋಲನ್ನು ತಲೆಯ ಮೇಲೆತ್ತಿದ, ಎತ್ತಿಯೇ ಎತ್ತಿದ, ಅಷ್ಟರಲ್ಲಿ ಎದುರಿನವನು ಬಂದು ಅಡ್ಡ ಬಿದ್ದ, ಪಕ್, ಆ ಕರಿ ರಬ್ಬರ್ ಬಿಲ್ಲೆ, ಅವನ ಕಾಲಿಗೆ ತಾಗಿ ಪುಟಿಯಿತು, ಅದನ್ನೇ ಎತ್ತಿಕೊಂಡು ಹೋಗಿ ನಮಗೇ ಗೋಲು ಹೊಡೆದರು, ಈಗ ಹಿಂದಿರುವುದು ಆ ಗೋಲಿನಿಂದಲೇ, ಆದರೂ ಮೂರನೇ ಸಾಲಿನಲ್ಲಿ ಹಸುವಿನ ಗಂಟೆ ಆಡಿಸುತ್ತ ಹೆಂಡತಿ ವೆರ್ನಾ, ಅವನನ್ನ ಕೂರಿಸಿದ್ಯೋ, ರಾತ್ರಿ ಗ್ಯಾರೇಜಲ್ಲೇ ಮಲಕ್ಕೋ ನೀನು. ಮಲಗುತ್ತೇನೆ ಕಣೇ, ಟ್ರ್ಯಾಕ್ಟರಿಗಾದರೂ ಬಾಯಿಲ್ಲ. ಮುದಿಗೂಬೆ ಎಮಿಲ್ ಹೊಡೆಯುವುದಿಲ್ಲ, ಕಾಯುತ್ತಾನೆ, ಅವನ ಕೋಲಿನ ಅಲಗಿನ ಮೇಲೆ ಪಕ್ ಮಲಗಿರುತ್ತದೆ, ಒಲೆ ಪಕ್ಕ ಕರಿಬೆಕ್ಕು ಮಲಗಿದ ಹಾಗೆ. ನಾನೇನೂ ಮಾಡಲ್ಲ ಲಾಯ್ಡೂ, ಅವ್ರಲ್ಲಿ ಒಬ್ಬ ತಡ್ಕೊಳಕ್ಕಾಗ್ದೆ ಮುಂದೆ ಬರ್ತಾನಲ್ಲ, ಅವ್ನು ಬಿಟ್ಟು ಬಂದ ಜಾಗಕ್ಕೆ ತಳ್ತೀನಿ, ಅಷ್ಟೇ. ಅಷ್ಟೇ ಅಂತೆ! ಅಷ್ಟನ್ನು ಮಗನ ತಲೆಗೆ ತುಂಬಲಾಗಲಿಲ್ಲವಲ್ಲ — ಕೊಟ್ಟಿಗೆಯ ಗೋಡೆಗೆ ಹಲಗೆ ಕಟ್ಟಿ, ಕೈ ಮರಗಟ್ಟಿ ಅಳುತ್ತಿದ್ದ ಪುಟ್ಟ ಹುಡುಗನಿಗೆ ಹೊಡಿ, ಹೊಡಿ ಎಂದು ಕೂಗುತ್ತಿದ್ದವನು ಯಾರು, ಬೇಡ, ಈಗ ಅದು ಬೇಡ. ಸೀಟಿ.

ಕೈ ಬಲಕ್ಕೆ ಹೋಯಿತು. ಎಮಿಲ್ ಎದ್ದ, ಮಂಡಿ ಲಟಕ್ಕೆಂದಿತು, ಡೇರಿಲ್ ತಿರುಗಲಿಲ್ಲ, ಹೆಲ್ಮೆಟ್ಟಿನ ಕೆಳಗಿನ ಕತ್ತು ಮಾತ್ರ ಕೆಂಪಾಯಿತು, ಆಗಲಿ, ಕತ್ತು ತಣ್ಣಗಾಗುತ್ತದೆ, ಫೈನಲ್ಲಿನ ಕಪ್ ಮತ್ತೆ ಬರುವುದಿಲ್ಲ, ಊಳಿಡಿ, ಎಲ್ಲರೂ ಊಳಿಡಿ, ಥೂ ಮುದುಕಾ ಎನ್ನುತ್ತಿರುವುದು ಎಮಿಲ್‌ಗೋ ತನಗೋ, ಗಂಟೆ ನಿಂತಿದೆ, ವೆರ್ನಾ ಗಂಟೆ ನಿಲ್ಲಿಸಿದಳೆಂದರೆ ಗ್ಯಾರೇಜೂ ಇಲ್ಲ. ಎಮಿಲ್‌ಗೆ ಪಕ್ ಸಿಕ್ಕಿತು. ನಿಂತ. ಎದುರು ನಾಲ್ವರು, ಯಾರೂ ಅಲುಗುತ್ತಿಲ್ಲ, ಯಾಕೆ ಅಲುಗುತ್ತಿಲ್ಲ, ಬಾರೋ ಮುಂದೆ ಬಾ, ಗಡಿಯಾರ ಓಡುತ್ತಿದೆ, ಎಮಿಲ್ ನಿಂತೇ ಇದ್ದಾನೆ, ಬಸ್ ಸ್ಟಾಪಿನಲ್ಲಿ ನಿಂತ ಹಾಗೆ, ತಳ್ಳೋ, ಏನಾದರೂ ಮಾಡೋ, ಹೊಡಿ, ಹೊಡಿಯೋ ಮುದುಕಾ ಹೊಡೀ — ಯಾರದು ಈ ಗಂಟಲು, ಇಷ್ಟು ಹತ್ತಿರದಿಂದ. ಬಾಯಿ ಮುಚ್ಚು ಅಪ್ಪಾ, ಡೇರಿಲ್ ತಿರುಗಿದ್ದಾನೆ, ಕಣ್ಣು ಕೆಂಡ, ಕಾಯ್ತಿದಾನೆ ಕಾಣಲ್ವಾ ನಿಂಗೆ. ಕಾಣುತ್ತದೆ. ಅಲಗಿನ ಮೇಲೆ ಪಕ್. ಕಪ್ಪಗೆ, ಮಲಗಿದೆ. ಇನ್ನೂ ಮಲಗಿದೆ.